ಒಂದೇ ರಾತ್ರಿಗೆ ಮೂವರು ಕೃಷ್ಣರು

ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಹುಲ್ಲಹಳ್ಳಿ ಸೀಮೆಯ ಊರುಗಳಲ್ಲಿ ನಾಟಕದ ಮಾತು ಏಳುತ್ತದೆ. ಕಪಿಲೆಯ ದಂಡೆಯ ನಾಲೆ ಬಯಲಿನಿಂದ ತಿರುಮಕೂಡಲಿನ ಸಂಗಮದವರೆಗೂ, ಹಳೇ ಮೈಸೂರಿನ ಉಳಿದೆಡೆಗಳಂತೆಯೇ, ‘ಕುರುಕ್ಷೇತ್ರ’ವೋ ‘ದಾನಶೂರ ಕರ್ಣ’ವೋ ಒಂದು ಪೌರಾಣಿಕ ನಾಟಕ ಕಟ್ಟುವ ಹುರುಪು ಇಂದಿಗೂ ಆರಿಲ್ಲ. ಹಗಲು ಹೊಲಗದ್ದೆ, ಹಾಲಿನ ಡೇರಿ, ನಂಜನಗೂಡಿನ ಕಾರ್ಖಾನೆಗಳ ಪಾಳಿ. ರಾತ್ರಿ ಊಟ ಮುಗಿಸಿ ತಾಲೀಮು. ಹಾರ್ಮೋನಿಯಂ ಮೇಷ್ಟ್ರು ಒಬ್ಬೊಬ್ಬರ ಕಂಠಕ್ಕೂ ಶ್ರುತಿ ಹೊಂದಿಸಿ, ಕಂದಪದ್ಯ ಹೇಳಿಕೊಟ್ಟು, ತಪ್ಪಿದಲ್ಲಿ ಗದರಿ ತಿದ್ದುತ್ತಾರೆ. ತಿಂಗಳುಗಟ್ಟಲೆ ನಡೆಯುವ ಈ ಶ್ರಮಕ್ಕೆ ಊರವರಿಗೆ ಕೂಲಿ ಇಲ್ಲ. ಬದಲಿಗೆ ಪಾತ್ರ ಹಾಕುವವರೇ ಕೈಯಿಂದ ಹಣ ಕೊಡುತ್ತಾರೆ. ದುರ್ಯೋಧನನಿಗೆ ಇಷ್ಟು, ಅರ್ಜುನನಿಗೆ ಇಷ್ಟು ಎಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ಹಾಡು, ಮಾತು ಎರಡರ ಹೊರೆಯೂ ಹೆಚ್ಚಾಗಿರುವ ಕೃಷ್ಣನ ಪಾತ್ರವನ್ನು ಇಬ್ಬರಿಗೋ ಮೂವರಿಗೋ ಹಂಚುವುದುಂಟು. ಮೊದಲನೆಯ ಕೃಷ್ಣ ತನ್ನ ದೃಶ್ಯ ಮುಗಿಸಿ ಒಳಗೆ ಹೋದರೆ, ಮುಂದಿನ ದೃಶ್ಯಕ್ಕೆ ಇನ್ನೊಬ್ಬ ಕೃಷ್ಣ ಬರುತ್ತಾನೆ. ನೋಡುವವರಿಗೆ ಇದರಿಂದ ಯಾವ ಗೊಂದಲವೂ ಆಗುವುದಿಲ್ಲ.

ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕುಳಿತು ಕಂಪ್ಯೂಟರ್ ಆಟ ಕಟ್ಟುವ ಹವ್ಯಾಸಿ ತಂಡಗಳನ್ನು ಬಲ್ಲವರಿಗೆ ಈ ಏರ್ಪಾಡಿನ ಬೆಲೆ ಬೇಗ ತಿಳಿಯುತ್ತದೆ. ಅಲ್ಲಿಯೂ ಒಬ್ಬರು ಚಿತ್ರ ಬರೆಯುತ್ತಾರೆ, ಒಬ್ಬರು ಕೋಡ್, ಇನ್ನೊಬ್ಬರು ಸಂಗೀತ, ಮತ್ತೊಬ್ಬರು ಕಥೆ. ಯಾರಿಗೂ ಸಂಬಳವಿಲ್ಲ, ಆಟ ಎಲ್ಲರಿಗೂ ಉಚಿತ. ಇಂಥ ತಂಡಕ್ಕೆ ಕೆಲಸ ಮಾಡುವವರು ಸಿಗುವುದು ಕಷ್ಟವಲ್ಲ. ಕೆಲಸ ಮಾಡಿಸುವವರು ಉಳಿಯುವುದು ಕಷ್ಟ. ಬಂದ ಚಿತ್ರವನ್ನು ನೋಡಿ ಸರಿ–ತಪ್ಪು ಹೇಳಬೇಕು, ಇಬ್ಬರ ಜಗಳ ಬಿಡಿಸಬೇಕು, ಹೊಸಬರಿಗೆ ದಾರಿ ತೋರಿಸಬೇಕು, ನಿಂತುಹೋದದ್ದನ್ನು ಮತ್ತೆ ತಳ್ಳಬೇಕು. ಈ ಹೊಣೆ ಹೊತ್ತವರು ಎರಡು ಮೂರು ವರ್ಷಗಳಲ್ಲಿ ಬಳಲುತ್ತಾರೆ. ಮಗು ಹುಟ್ಟುತ್ತದೆ, ಕೆಲಸ ಬದಲಾಗುತ್ತದೆ, ತಂದೆಗೆ ಕಾಯಿಲೆ ಬರುತ್ತದೆ. ಒಂದು ದಿನ ಅವರ ಉತ್ತರ ಬರುವುದು ನಿಲ್ಲುತ್ತದೆ. ಅವರೊಂದಿಗೆ ಆಟವೂ ನಿಲ್ಲುತ್ತದೆ.

ಹಾಗಾದರೆ ಇವರನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ? ಮೆಚ್ಚುಗೆ ಹೇಳಿ, ಬಿರುದು ಕೊಡಿ, ಹುರಿದುಂಬಿಸಿ ಎಂಬುದು ಎಲ್ಲರೂ ಕೊಡುವ ಸಲಹೆ. ಅದು ತಪ್ಪಲ್ಲ, ಆದರೆ ಸಾಲದು. ಹವ್ಯಾಸಿ ಮುಂದಾಳು ಬಹುಕಾಲ ಉಳಿಯುವುದು, ಬಿಟ್ಟುಕೊಡಲು ದಾರಿ ಇರುವ ಕಡೆ. ನಾಳೆ ನಾನು ಹಿಂದೆ ಸರಿದರೂ ಕೆಲಸ ಬೀಳುವುದಿಲ್ಲ, ನನ್ನ ಮೇಲೆ ದೂರು ಬರುವುದಿಲ್ಲ ಎಂಬ ಧೈರ್ಯ ಇದ್ದವರು ಇಂದು ನೆಮ್ಮದಿಯಿಂದ ದುಡಿಯುತ್ತಾರೆ. ಆ ಧೈರ್ಯ ಇಲ್ಲದವರು ಬಳಲಿ, ಬೇಸತ್ತು, ಯಾರಿಗೂ ಹೇಳದೆ ಹೋಗುತ್ತಾರೆ.

ಡೆನ್ಮಾರ್ಕ್‌ನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರ ನವೆಂಬರ್‌ನಲ್ಲಿ ‘ಫ್ರೀಸಿವ್’ ಎಂಬ ಆಟ ಬರೆಯಲು ಕುಳಿತರು. ನಾಗರಿಕತೆಯೊಂದನ್ನು ಶಿಲಾಯುಗದಿಂದ ಬಾಹ್ಯಾಕಾಶದವರೆಗೆ ಬೆಳೆಸುವ ಆಟ ಅದು. ಮುಂದಿನ ವರ್ಷದ ಆರಂಭಕ್ಕೆ ಆಡುವ ಹಾಗಾಯಿತು. ಬಹಳ ಕಾಲ ಕಳೆಯುವ ಮೊದಲೇ ಮೂವರೂ ತಮ್ಮ ಬದುಕಿನ ಬೇರೆ ಕೆಲಸಗಳತ್ತ ಹೊರಳಿದರು. ಆದರೆ ಕೋಡ್ ಎಲ್ಲರ ಕೈಗೂ ಎಟುಕುವಂತೆ ಇಟ್ಟಿದ್ದರು, ಅಷ್ಟರಲ್ಲಾಗಲೇ ಕೈ ಜೋಡಿಸಿದ್ದ ಇತರರಿಗೆ ಹೊಣೆ ದಾಟಿತ್ತು. ಹೀಗೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಾ ಫ್ರೀಸಿವ್‌ನ 3.0 ಆವೃತ್ತಿ 2022ರಲ್ಲಿ ಬಂತು. ಕಾಲು ಶತಮಾನ ಒಂದು ಆಟ ಬದುಕಿತು, ಹುಟ್ಟಿಸಿದವರು ಪಕ್ಕದಲ್ಲಿ ಇಲ್ಲದೆಯೇ.

ಇದಕ್ಕೆ ಎದುರಾಗಿ ‘ನೆಟ್‌ಹ್ಯಾಕ್’ ಎಂಬ ಇನ್ನೊಂದು ಹಳೆಯ ಆಟವಿದೆ. 1987ರಿಂದ ನಡೆದು ಬಂದ, ಜಗತ್ತಿನ ತುಂಬ ಅಭಿಮಾನಿಗಳಿರುವ ಆಟ. ಅದರ ಅಭಿವೃದ್ಧಿ ತಂಡ ಮುಚ್ಚಿದ ಬಾಗಿಲಿನ ಹಿಂದೆ ಕೆಲಸ ಮಾಡುತ್ತಿತ್ತು. 2003ರ ಡಿಸೆಂಬರ್‌ನಲ್ಲಿ 3.4.3 ಆವೃತ್ತಿ ಹೊರಬಂದ ಮೇಲೆ ಮುಂದಿನದಕ್ಕಾಗಿ ಜನ 2015ರ ಡಿಸೆಂಬರ್‌ವರೆಗೆ ಕಾದರು. ಹನ್ನೆರಡು ವರ್ಷ! ಈ ನಡುವೆ ಹೊರಗಿನವರು ಸುಮ್ಮನಿರಲಿಲ್ಲ. ತಮ್ಮದೇ ಬದಲಾವಣೆಗಳನ್ನು ಸೇರಿಸಿ ಬೇರೆ ಬೇರೆ ಹೆಸರಿನಲ್ಲಿ ಕವಲುಗಳನ್ನು ಹೊರಡಿಸಿದರು. ಉತ್ಸಾಹಕ್ಕೆ, ಪ್ರತಿಭೆಗೆ ಯಾವ ಕೊರತೆಯೂ ಇರಲಿಲ್ಲ. ಆ ಉತ್ಸಾಹ ಒಳಗೆ ಬರಲು ಬಾಗಿಲು ಇರಲಿಲ್ಲ, ಅಷ್ಟೆ. ಹೊಸಬರು ಒಳಗೆ ಬರದಿದ್ದರೆ ಹಳಬರು ಹೊರಗೆ ಹೋಗುವುದು ಹೇಗೆ?

ಮೈಸೂರಿನವರಿಗೆ ಇದೇ ಪಾಠ ಮನೆಯ ಇತಿಹಾಸದಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರಷ್ಟು (1794–1868) ಆಟಗಳನ್ನು ಪ್ರೀತಿಸಿದ ಅರಸರು ವಿರಳ. ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕಸಿದುಕೊಂಡ ಮೇಲೆ ಅವರ ಗಮನ ಕಲೆ, ಗ್ರಂಥ, ಆಟಗಳ ಕಡೆಗೆ ಇನ್ನಷ್ಟು ಹರಿಯಿತು. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಹಾಯುವ ಸಮಸ್ಯೆಗಳನ್ನು ಬಿಡಿಸಿದರು, ಹೊಸ ಮಣೆಯಾಟಗಳನ್ನು ರಚಿಸಿದರು, 360 ಎಲೆಗಳವರೆಗಿನ ಗಂಜೀಫಾ ಆಟಗಳನ್ನು ರೂಪಿಸಿದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗ ಈ ಆಟಗಳಿಗೇ ಮೀಸಲು; ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವುಗಳ ಚಿತ್ರಗಳಿವೆ. ಅಷ್ಟಿದ್ದೂ ಆ ಆಟಗಳಲ್ಲಿ ಹೆಚ್ಚಿನವು ಜನರ ಬಳಕೆಗೆ ಇಳಿಯಲಿಲ್ಲ. ರಚನೆ, ಆಶ್ರಯ, ನಿಯಮ ಎಲ್ಲವೂ ಒಬ್ಬರ ಸುತ್ತ ನಿಂತಿದ್ದವು. ಅದೇ ನಾಡಿನಲ್ಲಿ ಚೌಕಾಬಾರ, ಅಳಿಗುಳಿಮಣೆ, ಹುಲಿ–ಕುರಿ ಆಟಗಳು ಮಾತ್ರ ಜಗಲಿಯಿಂದ ಜಗಲಿಗೆ ಹಾಯುತ್ತಾ ಬಂದವು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಇಂಥ ಮಣೆಗಳನ್ನು ಮತ್ತೆ ಜನರ ಕೈಗೆ ಕೊಡುತ್ತಿರುವುದು ದೊಡ್ಡ ಕೆಲಸ. ಅರಸರ ಅಪಾರ ಪ್ರತಿಭೆಯೂ ಮಾಡಲಾಗದ ಒಂದನ್ನು ಹೆಸರಿಲ್ಲದ ಸಾವಿರ ಜನ ಮಾಡಿದರು ಎಂಬುದನ್ನು ಆಟ ಕಟ್ಟಲು ಹೊರಡುವ ಯಾರೂ ಮರೆಯಬಾರದು.

ಮತ್ತೆ ನಾಟಕದ ಊರಿಗೆ ಬರೋಣ. ಅಲ್ಲಿ ಮುಂದಾಳು ಎಂದರೆ ಕೃಷ್ಣನ ಪಾತ್ರಧಾರಿಯಲ್ಲ, ಮೇಷ್ಟ್ರೂ ಅಲ್ಲ. ಚಂದಾ ಎತ್ತುವವರು, ಸೀನರಿ–ಮೈಕ್‌ಸೆಟ್‌ನವರಿಗೆ ಮುಂಗಡ ಕೊಟ್ಟು ಬರುವವರು, ಪಾತ್ರಕ್ಕಾಗಿ ಮುನಿದವರನ್ನು ಒಲಿಸುವವರು, ಮೂರು ದಿನ ತಾಲೀಮಿಗೆ ಬಾರದ ಶಕುನಿಯ ಮನೆಗೆ ಹೋಗಿ ಕೂಗುವವರು. ಬಹಳಷ್ಟು ಊರುಗಳಲ್ಲಿ ಈ ಕೆಲಸವನ್ನು ಒಬ್ಬರೇ ಹೊರುವುದಿಲ್ಲ. ಮೇಷ್ಟ್ರ ಊಟ–ವಸತಿ ಒಂದು ಮನೆಗೆ, ಲೆಕ್ಕ ಮತ್ತೊಬ್ಬರಿಗೆ, ಚಪ್ಪರ ಇನ್ನೊಬ್ಬರಿಗೆ ಎಂದು ಹಂಚಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಒಂದು ದಿನಾಂಕವಿದೆ. ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ನಾಟಕ ಆಡಲೇಬೇಕು. ಆಡಿದ ಮರುದಿನ ಹೊಣೆ ಹೊತ್ತವರ ಭುಜ ಹಗುರವಾಗುತ್ತದೆ. ಮುಂಗಾರು ಬಿತ್ತೆಂದರೆ ನಾಟಕದ ಮಾತು ಯಾರೂ ಆಡುವುದಿಲ್ಲ. ಮುಂದಿನ ಸಲ ಬೇರೊಬ್ಬರು ಮುಂದೆ ಬಂದರೆ ಹಳಬರಿಗೆ ಅವಮಾನವೂ ಇಲ್ಲ. ಅನೇಕ ವರ್ಷ ಸುಮ್ಮನಿದ್ದ ಊರು ಇದ್ದಕ್ಕಿದ್ದಂತೆ ಮತ್ತೆ ನಾಟಕ ಆಡುವುದು ಇದರಿಂದಲೇ ಸಾಧ್ಯ. ಮುಂದಾಳನ್ನು ಬೇಸಾಯದ ಋತುಚಕ್ರವೇ ಬಿಡುಗಡೆ ಮಾಡುತ್ತದೆ.

ಕಂಪ್ಯೂಟರ್ ಆಟಕ್ಕೆ ಅಂಥ ಋತುಗಳಿಲ್ಲ. ಅದು ಎಂದೂ ಮುಗಿಯುವುದಿಲ್ಲ. ಇನ್ನೊಂದು ಊರು, ಇನ್ನೊಂದು ಸೈನ್ಯ, ಇನ್ನೊಂದು ದೋಷದ ತಿದ್ದುಪಡಿ. ಹಾಗಾಗಿ ಋತುವನ್ನು ಕೈಯಾರೆ ಕಟ್ಟಿಕೊಳ್ಳಬೇಕಾಗುತ್ತದೆ.

ಇದನ್ನು ಮಾಡಿ ತೋರಿಸಿದವರಿದ್ದಾರೆ. ‘0 ಎ.ಡಿ.’ ಎಂಬ ಪ್ರಾಚೀನ ಯುದ್ಧಗಳ ಆಟ 2001ರಲ್ಲಿ ಇನ್ನೊಂದು ಆಟದ ಮಾರ್ಪಾಡಾಗಿ ಶುರುವಾಗಿ, ಬಳಿಕ ಸ್ವತಂತ್ರ ಆಟವಾಯಿತು. 2009ರಲ್ಲಿ ಅದರ ಕೋಡ್ ಎಲ್ಲರಿಗೂ ಮುಕ್ತವಾಯಿತು. ಗ್ರೀಕರು, ರೋಮನರ ಜೊತೆಗೆ ಮೌರ್ಯರೂ ಅದರಲ್ಲಿ ಒಂದು ಪಕ್ಷ. 2010ರಿಂದ ಆಲ್ಫಾ ಆವೃತ್ತಿಗಳನ್ನು ಒಂದರ ಹಿಂದೆ ಒಂದರಂತೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಟ್ಟು ಹೊರಡಿಸುತ್ತಾ ಬಂದರು. ಮಾಲೆ ಪೂರ್ತಿಯಾಗಿ ಮತ್ತೆ ಮೊದಲ ಅಕ್ಷರಕ್ಕೆ ಮರಳಿದಾಗ, 2025ರ ಜನವರಿಯಲ್ಲಿ ಬಂದ 27ನೆಯದಕ್ಕೆ ಇಟ್ಟ ಹೆಸರು ‘ಅಗ್ನಿ’. ಆಟ ಪೂರ್ಣವಾಗುವವರೆಗೆ ಕಾದಿದ್ದರೆ ಎರಡು ದಶಕ ಯಾರೂ ನಿಲ್ಲುತ್ತಿರಲಿಲ್ಲ. ಪ್ರತಿ ಆವೃತ್ತಿಯೂ ಒಂದು ಪ್ರದರ್ಶನ. ಅದು ಮುಗಿದಾಗ ಉಸಿರು ಬಿಡಬಹುದು, ಬೇಕಾದರೆ ಇಳಿಯಬಹುದು.

ಹೊರೆ ಹಂಚುವುದರಲ್ಲಿ ‘ಟ್ಯಾಮ್ರಿಯೆಲ್ ರೀಬಿಲ್ಟ್’ ತಂಡದ ಪದ್ಧತಿ ಇನ್ನೂ ಸೂಕ್ಷ್ಮವಾದದ್ದು. 2002ರಲ್ಲಿ ಬಂದ ‘ಮೊರೊವಿಂಡ್’ ಎಂಬ ಆಟದಲ್ಲಿ ಒಂದು ದ್ವೀಪ ಮಾತ್ರ ಇತ್ತು. ಅದರಾಚೆಯ ಇಡೀ ನಾಡನ್ನು ಕಟ್ಟುತ್ತೇವೆಂದು ಅಭಿಮಾನಿಗಳು ಹೊರಟರು, ಇಂದಿಗೂ ಕಟ್ಟುತ್ತಿದ್ದಾರೆ. ಹೊಸಬರು ಮೊದಲು ಒಂದು ಮಾದರಿ ಕೋಣೆಯನ್ನೋ ಗುಹೆಯನ್ನೋ ಮಾಡಿ ತೋರಿಸಬೇಕು. ಅದು ಒಪ್ಪಿಗೆಯಾದರೆ ನಕ್ಷೆಯ ಒಂದು ಚಿಕ್ಕ ತುಂಡನ್ನು ತನ್ನದೆಂದು ಪಡೆಯಬಹುದು. ಮುಗಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ, ಆಮೇಲೆ ದೊಡ್ಡ ನಾಡಿನೊಳಗೆ ಸೇರುತ್ತದೆ. ಕೈ ಬಿಟ್ಟವರ ತುಂಡು ಬೇರೊಬ್ಬರಿಗೆ ಹೋಗುತ್ತದೆ. ಇಲ್ಲಿ ಯಾರೊಬ್ಬರು ಹೋದರೂ ಕಳೆದುಕೊಳ್ಳುವುದು ಒಂದು ತುಂಡಿನ ಕೆಲಸ ಮಾತ್ರ. ಡೇವಿಡ್ ವೈಟ್ 2003ರಲ್ಲಿ ಆರಂಭಿಸಿದ ‘ಬ್ಯಾಟಲ್ ಫಾರ್ ವೆಸ್ನೋತ್’ನಲ್ಲಿಯೂ ಆಟದೊಳಗಿನ ಪ್ರತಿ ಕಥೆಗೂ ಒಬ್ಬ ಪಾಲಕರು ಎಂಬ ಕ್ರಮ ಬೆಳೆದಿತ್ತು. ಆದರೂ ಅದರ 1.12 ಆವೃತ್ತಿ 2014ರ ನವೆಂಬರ್‌ನಲ್ಲಿ ಬಂದ ಮೇಲೆ 1.14 ಬಂದದ್ದು 2018ರ ಮೇ ತಿಂಗಳಲ್ಲಿ. ಹೊಣೆ ಹಂಚಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದಕ್ಕೂ ಇದು ಸಾಕ್ಷಿ. ಆದರೆ ಆ ಮೂರೂವರೆ ವರ್ಷದ ನಿಧಾನದಲ್ಲೂ ಆಟ ಸಾಯಲಿಲ್ಲ.

ಆ ವೆಸ್ನೋತ್‌ಗೆ ದುಡಿದವರಲ್ಲಿ ಎರಿಕ್ ರೇಮಂಡ್ ಒಬ್ಬರು. ಮುಕ್ತ ತಂತ್ರಾಂಶದ ಕೆಲಸದ ಬಗೆಯನ್ನು ಕುರಿತು 1997ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಒಂದು ಕರ್ತವ್ಯವನ್ನು ಸ್ಪಷ್ಟವಾಗಿ ಹೇಳಿದ್ದರು: ಒಂದು ಯೋಜನೆಯಲ್ಲಿ ಆಸಕ್ತಿ ಹೋದರೆ, ಅದನ್ನು ಯೋಗ್ಯ ಉತ್ತರಾಧಿಕಾರಿಗೆ ಒಪ್ಪಿಸುವುದೇ ಕೊನೆಯ ಕೆಲಸ. ಆಸಕ್ತಿ ಹೋಗುವುದನ್ನು ಅವರು ಅಪರಾಧವೆಂದು ಎಣಿಸಲಿಲ್ಲ ಎಂಬುದು ಗಮನಾರ್ಹ. ನಮ್ಮ ಸಂಘ–ಸಂಸ್ಥೆಗಳಲ್ಲಿ ಬಿಟ್ಟುಹೋದವರನ್ನು ನೆನೆಯುವ ರೀತಿಯೇ ಬೇರೆ. ‘ಅರ್ಧಕ್ಕೆ ಕೈಕೊಟ್ಟ’ ಎನ್ನುತ್ತಾರೆ. ಐದು ವರ್ಷ ದುಡಿದವರಿಗೂ ಇದೇ ಮಾತು. ಇದನ್ನು ಕೇಳಿದ ಹೊಸಬರು ಹೊಣೆಗೆ ಕೈ ಚಾಚಲು ಹೆದರುವುದು ಸಹಜ.

ಹಣದ ವಿಷಯದಲ್ಲಿ ಹಳ್ಳಿಯ ನಾಟಕ ಒಂದು ಒಳ್ಳೆಯ ಗೆರೆ ಎಳೆದಿದೆ. ಎಲ್ಲರೂ ಹವ್ಯಾಸಿಗಳಾದರೂ ಮೇಷ್ಟ್ರಿಗೆ ಸಂಭಾವನೆ ಉಂಟು, ತಬಲಾದವರಿಗೆ ಉಂಟು, ಸೀನರಿಗೆ ಬಾಡಿಗೆ ಉಂಟು. ದಿನವೂ ತಪ್ಪದೆ ಆಗಲೇಬೇಕಾದ, ಕೌಶಲ ಬೇಡುವ ಕೆಲಸವನ್ನು ಪುಕ್ಕಟೆ ಉತ್ಸಾಹದ ಮೇಲೆ ಬಿಡುವುದಿಲ್ಲ. 0 ಎ.ಡಿ. ತಂಡವೂ 2013ರಲ್ಲಿ ಹೀಗೆ ಯೋಚಿಸಿ, ಒಬ್ಬ ಪೂರ್ಣಾವಧಿ ಪ್ರೋಗ್ರಾಮರ್‌ನನ್ನು ಇಟ್ಟುಕೊಳ್ಳಲು 1,60,000 ಡಾಲರ್ ಗುರಿಯಿಟ್ಟು ಸಾರ್ವಜನಿಕರಲ್ಲಿ ಹಣ ಕೇಳಿತು. ಕೂಡಿದ್ದು ಸುಮಾರು 33,000 ಡಾಲರ್. ಗುರಿ ಮುಟ್ಟದಿದ್ದರೂ ಯೋಚನೆ ಸರಿಯಾಗಿತ್ತು. ಹಣಕ್ಕಿಂತ ಮಿಗಿಲಾದದ್ದು ಲೆಕ್ಕ. ನಾಟಕ ಮುಗಿದ ಮೇಲೆ ದೇವಸ್ಥಾನದ ಜಗಲಿಯಲ್ಲೋ ಚಾವಡಿಯಲ್ಲೋ ಹತ್ತು ಜನರ ಮುಂದೆ ಜಮಾ–ಖರ್ಚು ಓದಿ ಒಪ್ಪಿಸಿದವರು ಮುಂದಿನ ವರ್ಷವೂ ತಲೆಯೆತ್ತಿ ನಿಲ್ಲುತ್ತಾರೆ. ಎಲ್ಲಿ ಲೆಕ್ಕ ಓದುವುದಿಲ್ಲವೋ ಅಲ್ಲಿ ಸಂಶಯ ಹುಟ್ಟುತ್ತದೆ, ಪ್ರಾಮಾಣಿಕರೇ ಮೊದಲು ನೊಂದು ದೂರವಾಗುತ್ತಾರೆ. ಲೆಕ್ಕ ಕೇಳುವುದನ್ನು ಅಪನಂಬಿಕೆಯೆಂದು ತಿಳಿಯುವವರಿದ್ದಾರೆ. ನಿಜವಾಗಿ ಅದು ಮುಂದಾಳಿಗೆ ಸಮುದಾಯ ಕೊಡುವ ರಕ್ಷಣೆ.

ಹಾಗೆಯೇ ಅಧಿಕಾರ. ಹೊಣೆ ಹೊರಿಸಿ ತೀರ್ಮಾನದ ಹಕ್ಕು ಕೊಡದಿದ್ದರೆ ಯಾರೂ ನಿಲ್ಲುವುದಿಲ್ಲ. ಚಿತ್ರಗಳ ಹೊಣೆ ಹೊತ್ತವರು ಒಪ್ಪಿದ ಚಿತ್ರವನ್ನು ಸ್ಥಾಪಕರು ನಡುರಾತ್ರಿ ಬದಲಿಸಿದರೆ, ಮರುದಿನ ಆ ಹೊಣೆಗಾರರು ಬರುವುದಿಲ್ಲ. ‘ನಮ್ಮಲ್ಲಿ ನಾಯಕರೇ ಇಲ್ಲ, ಎಲ್ಲರೂ ಸಮಾನರು’ ಎನ್ನುವ ತಂಡಗಳಲ್ಲಿ ಈ ಸಂಕಟ ಹೆಚ್ಚು. ಅಮೆರಿಕದ ಸ್ತ್ರೀವಾದಿ ಚಿಂತಕಿ ಜೋ ಫ್ರೀಮನ್ 1970ರ ಹೊತ್ತಿಗೇ ಮಹಿಳಾ ಚಳವಳಿಯ ಗುಂಪುಗಳನ್ನು ನೋಡಿ ಇದನ್ನು ಗುರುತಿಸಿದ್ದರು. ರಚನೆ ಇಲ್ಲ ಎಂದು ಹೇಳಿಕೊಳ್ಳುವ ಗುಂಪಿನಲ್ಲೂ ರಚನೆ ಇದ್ದೇ ಇರುತ್ತದೆ. ಅದು ಗೆಳೆತನದ ಒಳಬಳಗವಾಗಿ ಅಡಗಿರುತ್ತದೆ, ಅಡಗಿರುವುದರಿಂದ ಯಾರಿಗೂ ಉತ್ತರ ಕೊಡಬೇಕಿಲ್ಲ. ಯಾರ ಮಾತು ಎಲ್ಲಿ ಕೊನೆಯದು ಎಂದು ಬರೆದಿಟ್ಟುಕೊಳ್ಳುವುದು ಗೆಳೆತನಕ್ಕೆ ಕುಂದಲ್ಲ.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಕಲಾಕೃತಿಗೆ ಒಂದೇ ದೃಷ್ಟಿ ಬೇಡವೇ? ವರ್ಷಕ್ಕೊಬ್ಬರು ಮುಂದಾಳಾದರೆ ಆಟ ಹತ್ತು ಕೈಗಳ ಕಲಸುಮೇಲೋಗರವಾಗದೇ? ಭಯ ಸುಳ್ಳಲ್ಲ. ಆದರೆ ದೃಷ್ಟಿಯನ್ನು ಕಾಯುವುದು ಬೇರೆ, ದಿನದ ಹೊರೆಯನ್ನು ಹೊರುವುದು ಬೇರೆ. ಹೆಗ್ಗೋಡಿನ ನೀನಾಸಮ್ 1949ರಲ್ಲಿ ಊರ ಹವ್ಯಾಸಿಗಳ ತಂಡವಾಗಿ ಹುಟ್ಟಿದ್ದು. ಕೆ.ವಿ. ಸುಬ್ಬಣ್ಣನವರ ನೋಟ ಅದಕ್ಕೆ ಆಕಾರ ಕೊಟ್ಟಿತು. ಆದರೆ 1985ರಲ್ಲಿ ಆರಂಭವಾದ ತಿರುಗಾಟದ ನಾಟಕಗಳನ್ನು ಬೇರೆ ಬೇರೆ ನಿರ್ದೇಶಕರು ಮಾಡಿಸುತ್ತಾ ಬಂದರು, ನಟರು ಬದಲಾಗುತ್ತಾ ಹೋದರು. 2005ರಲ್ಲಿ ಸುಬ್ಬಣ್ಣ ತೀರಿಕೊಂಡ ಮೇಲೆಯೂ ತಿರುಗಾಟ ನಿಲ್ಲಲಿಲ್ಲ. ದೃಷ್ಟಿ ಒಬ್ಬರ ತಲೆಯಲ್ಲಿ ಉಳಿಯದೆ ಶಿಕ್ಷಣವಾಗಿ, ಪುಸ್ತಕವಾಗಿ, ಅಭ್ಯಾಸವಾಗಿ ಹೊರಗೆ ಬಂದಿದ್ದರಿಂದ ಅದು ಸಾಧ್ಯವಾಯಿತು.

ಹಳ್ಳಿಯ ನಾಟಕವನ್ನು ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನೂ ಹೇಳದಿದ್ದರೆ ಅನ್ಯಾಯ. ಹಣ ಕೊಟ್ಟು ಪಾತ್ರ ಪಡೆಯುವ ಪದ್ಧತಿಯಲ್ಲಿ ಕೈಯಲ್ಲಿ ಕಾಸಿಲ್ಲದ ಒಳ್ಳೆಯ ಕಂಠ ಮೂಲೆಗೆ ಸರಿಯುತ್ತದೆ. ಯಾವ ಬೀದಿಯವರಿಗೆ ಯಾವ ಪಾತ್ರ ಎಂಬಲ್ಲಿ ಜಾತಿಯ ಲೆಕ್ಕಾಚಾರ ಇಲ್ಲವೆಂದು ಹೇಳುವಂತಿಲ್ಲ. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆ. ಊರಿನ ಹೆಣ್ಣುಮಕ್ಕಳು ಚಾಪೆಯ ಮೇಲೆ ಕುಳಿತು ನೋಡುವವರಾಗಿಯೇ ಉಳಿಯುತ್ತಾರೆ. ಮುಂದಾಳುಗಳಿಲ್ಲ ಎಂದು ಕೊರಗುವ ಎಷ್ಟೋ ತಂಡಗಳು ತಮ್ಮ ಊರಿನ ಅರ್ಧ ಜನರನ್ನು ಕೇಳಿಯೇ ಇರುವುದಿಲ್ಲ. ಆಟ ಕಟ್ಟುವ ಹೊಸ ಗುಂಪುಗಳು ಈ ಒಂದು ವಿಷಯದಲ್ಲಿ ನಾಟಕದ ದಾರಿಯನ್ನು ಹಿಡಿಯಬಾರದು.

ಈಗ ಅಂಥ ಗುಂಪು ಹುಲ್ಲಹಳ್ಳಿಯಲ್ಲೋ ನಂಜನಗೂಡಿನಲ್ಲೋ ನರಸೀಪುರದಲ್ಲೋ ಹುಟ್ಟುವುದಕ್ಕೆ ಅಡ್ಡಿ ಏನೂ ಇಲ್ಲ. ‘ಗೊಡೊ’ದಂಥ ಆಟ ತಯಾರಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಚೌಕಾಬಾರವನ್ನೋ ಹುಲಿ–ಕುರಿಯನ್ನೋ ಕನ್ನಡದಲ್ಲಿ ಪರದೆಗೆ ತರುವಷ್ಟು ಕೌಶಲ ಡಿಪ್ಲೊಮಾ ಓದುವ ನಾಲ್ಕು ಹುಡುಗ–ಹುಡುಗಿಯರಿಗೆ ಬರುತ್ತದೆ. ಬೇಕಾಗಿರುವುದು ಸೇರಲು ಜಾಗ ಮತ್ತು ಆರಂಭದಲ್ಲೇ ಮಾಡಿಕೊಳ್ಳುವ ಕೆಲವು ಒಪ್ಪಂದಗಳು. ಜಾಗದ ವಿಷಯದಲ್ಲಿ ಗ್ರಾಮ ಪಂಚಾಯಿತಿಗಳು ನೆರವಾಗಬಹುದು. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅನೇಕ ಕಡೆ ಕಂಪ್ಯೂಟರ್‌ಗಳೂ ಬಂದಿವೆ. ವಾರಕ್ಕೆ ಒಂದು ಸಂಜೆ, ಹೆಣ್ಣುಮಕ್ಕಳೂ ಬಂದು ಹೋಗುವಂಥ ಹೊತ್ತಿನಲ್ಲಿ, ಆ ಕೋಣೆಯನ್ನು ಇಂಥ ಗುಂಪಿಗೆ ಬಿಟ್ಟುಕೊಡುವ ನಿರ್ಣಯವನ್ನು ಪಂಚಾಯಿತಿ ಸಭೆ ಮಾಡಬೇಕು. ಗುಂಪಿನವರು ಮೊದಲ ಸಂಜೆಯೇ ಮೂರು ಸಂಗತಿ ಬರೆದಿಡಲಿ: ಮೊದಲ ಆವೃತ್ತಿ ಯಾವ ಜಾತ್ರೆಯ ಹೊತ್ತಿಗೆ ಊರವರ ಕೈಗೆ ಬರುತ್ತದೆ, ಪ್ರತಿ ಹೊಣೆಗೂ ಎರಡನೆಯ ಹೆಸರು ಯಾರದು, ಮತ್ತು ಈಗಿನ ಮುಂದಾಳು ಯಾವ ತಿಂಗಳಲ್ಲಿ ಇಳಿಯುತ್ತಾರೆ.